ಲಾಭ, ಎರಡು, ಮೂರು

ಹಲಗೆಯ ಮೇಲೆ ಅರೇ ಎಂದು ಬರೆದರು ಕೊಟ್ರೇಶ್ ಸರ್.
ಏನಾಯ್ತು ಸರ್? ಎಂದ ಹಿಂದಿನ ಬೆಂಚಿನ ಪರಸಪ್ಪ.
ನಗೆಯೆಲ್ಲ ಇಳಿದ ಮೇಲೆ ಗೊತ್ತಾಯಿತು,
ಇದು ಬೆರಗಿನ ಅರೇ ಅಲ್ಲ, ಒರಳಲ್ಲಿ ಅರೆಯುವುದೂ ಅಲ್ಲ,
ಒಂದು ಹೆಸರಿನ ಕೆಳಗೆ ಗೋಡೆಗೆ ಗೋಡೆ ತಾಗಿ ನಿಂತ
ಮನೆಗಳ ಸಾಲು.
ಒಳಗೆ ಒಂದೇ ಜಾತಿಯವು ಇರಬೇಕು, ಎಂದರು ಸರ್.
ಯಾರೋ ಕೆಮ್ಮಿದರು.
ಸರ್ ಸೀಮೆಸುಣ್ಣ ಕೊಡವಿ, ಅಂಕಿಯಾದರೆ ಎಲ್ಲ ಅಂಕಿ,
ಅಕ್ಷರವಾದರೆ ಎಲ್ಲ ಅಕ್ಷರ, ಅಷ್ಟೇನಪ್ಪ, ಎಂದರು.

ಮೊದಲ ಮನೆಯ ನಂಬರು ಸೊನ್ನೆಯಂತೆ.
ಐದು ಮನೆಗಳಿದ್ದರೆ ಕೊನೆಯದು ನಾಲ್ಕಂತೆ.
ನನ್ನ ಪೆನ್ನು ಅಲ್ಲೇ ನಿಂತುಬಿಟ್ಟಿತು.

ಲ್ಯಾಬಿನಲ್ಲಿ ಮೂರು ಜನಕ್ಕೊಂದು ಕಂಪ್ಯೂಟರು.
ನನ್ನ ಸರದಿ ಬಂದಾಗ, ಪುಸ್ತಕದ ಮಾರ್ಕ್ಸು ಬಿಟ್ಟು
ನಮ್ಮ ಭಟ್ಟಿಯ ಐದು ದಿನದ ಚೀಲಗಳನ್ನು ತುಂಬಿದೆ:
ಹದಿನೆಂಟು, ಇಪ್ಪತ್ತೆರಡು,
ಒಂಬತ್ತು, ಅವತ್ತು ಅಮ್ಮಿಗೆ ಜ್ವರ,
ಇಪ್ಪತ್ತು, ಹದಿನೇಳು.
ಐ ಸೊನ್ನೆಯಿಂದ ಹೊರಡಲಿ,
ಐದಕ್ಕಿಂತ ಕಡಿಮೆ ಅಥವಾ ಐದಕ್ಕೆ ಸಮ ಇರುವ ತನಕ ನಡೆಯಲಿ
ಎಂದು ಬರೆದೆ. ದಿನ ಐದು ತಾನೆ?
ಓಡಿಸಿದೆ.
ಐದು ಸಾಲು ನಮ್ಮವು. ಆರನೆಯದು
ಮೂವತ್ತೆರಡು ಸಾವಿರದ ಏಳುನೂರ ಅರವತ್ತಾರು.

ಅಷ್ಟು ಚೀಲ ಮಂಡಕ್ಕಿ
ದಾವಣಗೆರೆಯೆಲ್ಲ ಕೂತು ತಿಂದರೂ ಮುಗಿಯದು.
ಸಿ ಬೈಯಲಿಲ್ಲ. ಕೆಂಪು ಗೆರೆಯಿಲ್ಲ, ಎಚ್ಚರಿಕೆಯಿಲ್ಲ.
ನೀನೇ ಹೇಳಿದೆಯಲ್ಲ, ಹೋಗಿ ನೋಡಿ ಬಂದೆ
ಎನ್ನುವ ಆಳಿನ ಹಾಗೆ ಸುಮ್ಮನೆ ಮಿಣುಕುತ್ತಿತ್ತು.
ಟೈಮಾಯ್ತು, ಏಳಮ್ಮ, ಎಂದ ಪರಸಪ್ಪ.

ಸಂಜೆ ಭಟ್ಟಿಯಲ್ಲಿ ಹೊಟ್ಟಿನ ಹೊಗೆ, ಕಾದ ಮರಳು.
ಅಮ್ಮಿ ಜರಡಿ ಹಿಡಿದು
ಮರಳು ಬೇರೆ, ಮಂಡಕ್ಕಿ ಬೇರೆ ಮಾಡುತ್ತಿದ್ದಳು.
ಅಳೆಯಲು ಬಂದ ಹೊಳೆಬಸಪ್ಪಜ್ಜ,
ಒಂದು ಕೈಲಿ ಅಂಗಡಿಯ ಸೇರು, ಒಂದು ಕೈ ಮೊಣಕಾಲಿಗೆ:
ಲಾಭ... ಲಾಭ... ಲಾಭ...
ಎರಡು... ಎರಡು...
ಮೂರು...
ಹುಟ್ಟಿದಾಗಿನಿಂದ ಕೇಳಿದ ಎಣಿಕೆ.
ಒಂದು ಎಲ್ಲಿ ಹೋಯಿತೆಂದು ಇವತ್ತಿನವರೆಗೆ ಕೇಳಿರಲಿಲ್ಲ. ಕೇಳಿದೆ.
ಒಂದು ಅಂದ್ರೆ ಒಂಟಿ ಆಗ್ತೈತೆ, ಫರ್ಜಾನ, ಎಂದ ಅಜ್ಜ.
ರಾಶಿ ಮುಂದೆ ನಿಂತು ಯಾರಾದ್ರೂ ಒಂಟಿ ಅಂತಾರೇನು?

ಖುಷಿಯಾಯಿತು. ನಾವೂ ಒಂದರಿಂದ ಹೊರಡುವುದಿಲ್ಲ ಸರ್
ಎಂದು ನಾಳೆ ಹೇಳಬೇಕೆಂದುಕೊಂಡೆ.
ಆಮೇಲೆ ನೋಡಿದರೆ ಅಜ್ಜನ ಐದು ಐದೇ.
ಅವನ ಲಾಭ ಸೊನ್ನೆಯಾಗಲು ಒಪ್ಪಲಿಲ್ಲ.

ಚೀಲಗಳ ಬಾಯಿ ಕಟ್ಟಲು ಎದ್ದ.
ಗೋಡೆಗೊರಗಿ ಐದು. ಮೊದಲನೆಯದರ ಎದುರೇ ನಿಂತಿದ್ದ,
ಕಟ್ಟಿದ. ಕಾಲು ಎತ್ತಲೇ ಇಲ್ಲ.
ಒಂದು ಹೆಜ್ಜೆ, ಎರಡನೆಯ ಚೀಲ.
ಯವ್ವಾ ಎಂದು ಮೊಣಕಾಲು ಒತ್ತಿಕೊಂಡು ಇನ್ನೊಂದು.
ಮತ್ತೊಂದು.
ನಾಲ್ಕನೆಯ ಹೆಜ್ಜೆಗೆ ಐದನೆಯದೂ ಮುಗಿಯಿತು.
ಮಾತಿನ ಗುಂಗಿನಲ್ಲಿ ಮತ್ತೂ ಒಂದು ಹೆಜ್ಜೆ ಇಟ್ಟ;
ಕೈ ಹೋದದ್ದು ಪಕ್ಕದ ಭಟ್ಟಿಯ ಇಮಾಮಸಾಬರ ಚೀಲಕ್ಕೆ.
ಅಜ್ಜಾ, ಅದು ನಮ್ದು! ಎಂದು ಹೊಗೆಯೊಳಗಿಂದ ಕೂಗು.
ಇಲ್ಲಿ ಬೈಯುವವರಾದರೂ ಇದ್ದಾರೆ.

ಅದು ಎಣಿಕೆಯಲ್ಲ, ದೂರ.
ನಿಂತಲ್ಲಿಂದ ಎಷ್ಟು ಹೆಜ್ಜೆ ಎಂಬುದು.

ಮರುದಿನ, ಸಮ ಎನ್ನುವ ಆ ಎರಡು ಪುಟ್ಟ ಗೆರೆಗಳನ್ನು ಅಳಿಸಿದೆ.
ಐದೇ ಬಂದವು.
ಪರಸಪ್ಪ ಬಗ್ಗಿ ನೋಡಿ, ಏನ್ ಮಾಡಿದೆ? ಎಂದ.
ಅಜ್ಜನ್ನ ಗೋಡೆ ಹತ್ರ ನಿಲ್ಲಿಸಿದೆ, ಎಂದೆ.
ಅವನಿಗೆ ತಿಳಿಯಲಿಲ್ಲ.
ನನ್ನ ಕೂದಲಿಂದ ಮರಳಿನ ಕಣವೊಂದು ಉದುರಿ
ಕೀಲಿಗಳ ನಡುವೆ ಇಳಿಯಿತು; ಊದಿದೆ, ಬರಲಿಲ್ಲ.
ವಾರದ ಲೆಕ್ಕ ಚೆನ್ನಾಗಿ ಕಾಣಲೆಂದು
ಎರಡನೆಯ ನಂಬರಿನ, ಅಂದರೆ ಮೂರನೆಯ ಮನೆಯ
ಒಂಬತ್ತನ್ನು ತಿದ್ದಲು ಹೋದವಳು
ಹಾಗೇ ಬಿಟ್ಟೆ. ಅದು ಜ್ವರದ ದಿನ.